ಮಂಡಿಯೂರುವ ಗಾಡಿ

ಕೆನಿತ್ರಾ
11 ಅಕ್ಟೋಬರ್ 1999

ಅಕ್ಕಾ,

ನನ್ನ ಬಲಗಣ್ಣು ಕಾಣುವುದಿಲ್ಲ. ಚಿಕ್ಕಂದಿನಿಂದಲೂ ಕಾಣುವುದಿಲ್ಲ. ಎಡಗಣ್ಣು ಮುಚ್ಚಿಕೊಂಡರೆ ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಅಮ್ಮನಿಗೆ ಹೇಳಿಲ್ಲ. ಅಪ್ಪ ಇದ್ದಾಗ ಅಪ್ಪನಿಗೂ ಹೇಳಲಿಲ್ಲ. ಇದು ಸುಳ್ಳಲ್ಲ, ಯಾರೂ ಕೇಳಲಿಲ್ಲ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಕಳೆದೆ.

ಈಗ ಹೇಳದೆ ವಿಧಿಯಿಲ್ಲ. ತಡೆದಿಟ್ಟಿದ್ದ ನಿನ್ನ ಸಂಬಳವೆಲ್ಲ ಒಟ್ಟಿಗೆ ಬಂತು, ಅದರಲ್ಲಿ ಒಂದು ಹಳೆಯ ಗಾಡಿ ಕೊಂಡು ಅಮ್ಮನನ್ನು ನೀನೇ ರಬಾತಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಾ ಎಂದು ಬರೆದಿದ್ದೀಯ. ಗಾಡಿ ಆರಿಸಬಲ್ಲೆ. ಓಡಿಸಲಾರೆ. ನಾನು ಕೆಲಸಕ್ಕೆ ಹೋಗುವ ಗ್ಯಾರೇಜಿನ ಅಂಗಳದಲ್ಲಿ ಹಿಂದೆ ಮುಂದೆ ಮಾಡುವುದು ಬೇರೆ, ಹೆದ್ದಾರಿ ಬೇರೆ. ಬಲಗಡೆಯ ಕೂಡುರಸ್ತೆಯಿಂದ ನುಗ್ಗುವ ಲಾರಿ ನನ್ನ ಪಕ್ಕಕ್ಕೆ ಬಂದು ನಿಲ್ಲುವವರೆಗೂ ನನ್ನ ಪಾಲಿಗೆ ಅದು ಇರುವುದೇ ಇಲ್ಲ. ನಾನು ಲೈಸೆನ್ಸ್ ಮಾಡಿಸದಿರುವುದಕ್ಕೆ ಸೋಮಾರಿತನ ಕಾರಣ ಎಂದು ನೀವೆಲ್ಲ ಅಂದುಕೊಂಡಿರಿ. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ.

ಬೇಸಗೆ ರಜೆ ಮುಗಿಸಿ ನೀನು ಬೆಟ್ಟದ ಶಾಲೆಗೆ ಹೋದಮೇಲೆ ಅಮ್ಮನ ಎಡಗೈಗೆ ಆಪರೇಷನ್ ಆಯಿತು. ಮೊಣಕೈ ಒಳಗೆ ಎರಡು ರಕ್ತನಾಳ ಕೂಡಿಸಿದ್ದಾರೆ. ಕಿಡ್ನಿಯ ಬದಲು ರಕ್ತ ತೊಳೆಯುವ ಯಂತ್ರದ ಸೂಜಿ ಅಲ್ಲಿಗೇ ಚುಚ್ಚುವುದು. ಮುಟ್ಟಿದರೆ ಝುಂ ಎನ್ನುತ್ತದೆ. ದಿನಾ ಬೆಳಿಗ್ಗೆ ನಾನು ಕಿವಿಯಿಟ್ಟು ಕೇಳುತ್ತೇನೆ.

"ಎಂಜಿನ್ ಹೇಗಿದೆ ಮೇಸ್ತ್ರಿ?" ಅನ್ನುತ್ತಾಳೆ.

"ಚೆನ್ನಾಗೇ ಓಡ್ತಿದೆ ಲಾಲ್ಲಾ ಝಹೂರ್, ಇನ್ನೂ ಮೆಕ್ಕಾಕ್ಕೆ ಹೋಗಿ ಬರುತ್ತೆ" ಅನ್ನುತ್ತೇನೆ.

ನರ್ಸ್ ಹೇಳಿದ್ದು ಇಷ್ಟೇ: ಈ ಕೈ ಒತ್ತಿಕೊಳ್ಳಬಾರದು, ಈ ಸದ್ದು ನಿಲ್ಲಬಾರದು. ನಿಂತರೆ ಆ ದಾರಿ ಮುಚ್ಚಿತು. ವಾರಕ್ಕೆ ಮೂರು ಸಲ ಅದೇ ಕೈ ಹೊತ್ತು ಅವಳು ಬಾಡಿಗೆ ಟ್ಯಾಕ್ಸಿಯಲ್ಲಿ ಹೋಗುತ್ತಾಳೆ. ಮುಂದೆ ಇಬ್ಬರು, ಹಿಂದೆ ನಾಲ್ವರು. ಬಾಗಿಲು ಹಾಕಬೇಕಾದರೆ ಹೊರಗಿನಿಂದ ಸೊಂಟದಲ್ಲಿ ಒತ್ತಬೇಕು. ನಾನು ಅವಳ ಎಡಕ್ಕೆ ಕೂತು ಕೈಗೆ ಅಡ್ಡವಾಗುತ್ತೇನೆ. ಹಾಗಿದ್ದೂ ಪ್ರತಿ ತಿರುವಿನಲ್ಲಿ ಉಳಿದವರ ಭಾರ ನನ್ನ ಮೂಲಕ ಅವಳ ಮೇಲೇ ಬೀಳುತ್ತದೆ.

ನಿನಗೆ ಲೈಸೆನ್ಸ್ ಇದೆ. ಕೆನಿತ್ರಾಕ್ಕೆ ವರ್ಗಾವಣೆ ಕೇಳಿದೆಯಾ? ಅರ್ಜಿ ಹಾಕುತ್ತೇನೆ ಅಂದಿದ್ದೆ.

ನಿನ್ನ ತಮ್ಮ,
ರಹ್ಹಾಲ್

◆

ಐತ್ ಉಫೆಲ್ಲಾ
2 ನವೆಂಬರ್ 1999

ರಹ್ಹಾಲ್,

ಸಂತೆ ಲಾರಿಯಲ್ಲಿ ನಿನ್ನ ಪತ್ರ ಬಂತು. ಮಕ್ಕಳಿಗೆ ಲೆಕ್ಕ ಕೊಟ್ಟು ಓದಿದೆ, ಆಮೇಲೆ ಲೆಕ್ಕ ತಿದ್ದಲು ಆಗಲಿಲ್ಲ.

ಈ ಶಾಲೆಯಲ್ಲಿ ಯಾವ ಮಗು ಕತ್ತು ಓರೆ ಮಾಡಿ ಬೋರ್ಡ್ ನೋಡಿದರೂ ಎಬ್ಬಿಸಿ ಮುಂದಿನ ಸಾಲಿಗೆ ಕೂರಿಸುತ್ತೇನೆ. ನೀನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ವರ್ಷಗಟ್ಟಲೆ ಕತ್ತು ಓರೆ ಮಾಡಿಕೊಂಡು ಓದಿದೆ. ನೆಟ್ಟಗೆ ಕೂರೋ ಕತ್ತೆ ಅಂತ ನಾನು ಹೊಡೆಯುತ್ತಿದ್ದೆ. ನೀನು ಶಾಲೆ ಬಿಟ್ಟಾಗ ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಇದರ ಬಗ್ಗೆ ಇನ್ನು ಬರೆಯಲಾರೆ.

ಗಾಡಿ ಕೊಳ್ಳು. ಓಡಿಸಲು ಪಕ್ಕದ ಮನೆಯ ಸಿ ಬೂಶ್ತಾ ಇದ್ದಾನೆ. ಸೈನ್ಯದ ಲಾರಿ ಓಡಿಸಿದವನು, ಪಿಂಚಣಿ ಬಂದಮೇಲೆ ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುವುದು ಬಿಟ್ಟು ಅವನಿಗೆ ಬೇರೆ ಕೆಲಸವಿಲ್ಲ, ಕೇಳಿದರೆ ಖುಷಿಯಿಂದ ಬರುತ್ತಾನೆ.

ಹೊಳಪು ನೋಡಬೇಡ. ವೇಗ ನೋಡಬೇಡ. ಅಮ್ಮ ಕಾಲೆತ್ತದೆ ಒಳಗೆ ಹೋಗುವಂತಿರಬೇಕು. ಹಿಂದಿನ ಸೀಟಿನಲ್ಲಿ ಎಡಗೈ ಇಡಲು ಜಾಗ ಬೇಕು. ಯಂತ್ರದಿಂದ ಎದ್ದಾಗ ಅವಳಿಗೆ ಚಳಿ ಹಿಡಿಯುತ್ತದೆ, ಹೀಟರ್ ಕೆಲಸ ಮಾಡಬೇಕು. ದಿನ ಬಿಟ್ಟು ದಿನ ಹೋಗುವ ದಾರಿ ಇದು, ಒಂದು ದಿನದ ಮದುವೆ ಮೆರವಣಿಗೆಯಲ್ಲ.

ಗಾಡಿ ಸಂತೆಯಲ್ಲಿ ಬಾಯಿ ಮುಚ್ಚಿಕೊಂಡಿರು. ಬೂಶ್ತಾ ಮಾತಾಡಲಿ.

ಅಮ್ಮನ ಕೈಗೆ ನನ್ನ ಮುತ್ತು. ಬಲಗೈಗೆ.

ಗಿಝ್ಲಾನ್

◆

ಕೆನಿತ್ರಾ
23 ನವೆಂಬರ್ 1999

ಅಕ್ಕಾ,

ಗಾಡಿ ಬಂತು. ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಮೂರು ಭಾನುವಾರ ಸಂತೆ ಸುತ್ತಿದೆವು. ಸಿ ಬೂಶ್ತಾನಿಗೆ ಬೇಕಾದದ್ದು ಲಾರಿಯಂಥ ಗಾಡಿ. ಇಟಲಿಯಿಂದ ಒಬ್ಬ ತಂದಿದ್ದ ಜರ್ಮನ್ ಗಾಡಿಯ ಬಾನೆಟ್ ತಟ್ಟಿ, "ಇದು ನೋಡು, ನನ್ನ ಮೊಮ್ಮಗನ ಮೊಮ್ಮಗಾನೂ ಓಡಿಸ್ತಾನೆ" ಅಂದ. ನಾನು ಹಿಂದಿನ ಸೀಟಿನಲ್ಲಿ ಅಮ್ಮನ ಹಾಗೆ ಎಡಗೈ ಚಾಚಿ ಕೂತೆ. ಸಂತೆಯ ಸುತ್ತ ಒಂದು ಸುತ್ತು ಹೊಡೆಯುವಷ್ಟರಲ್ಲಿ ಪ್ರತಿ ಕಲ್ಲೂ ಮೊಣಕೈಗೆ ಬಂದು ಹೆಸರು ಹೇಳಿತು. ಬೇಡ ಅಂದೆ. ಇನ್ನೊಂದು ಮೂರು ಸಾಲು ಸೀಟಿನದು, ಮೆತ್ತಗಿತ್ತು, ಆದರೆ ಹಿಂದಿನಿಂದ ಹೊಗೆ ಒಳಗೆ ಬರುತ್ತಿತ್ತು. ಮಾಲೀಕ ಕಿಟಕಿ ತೆರೆದೇ ಓಡಿಸಿದ. ನಾನು ಮುಚ್ಚಿದೆ. ಅವನು ತೆರೆದ. ಅಲ್ಲಿಗೆ ಗೊತ್ತಾಯಿತು.

ಮೂರನೇ ಭಾನುವಾರ ಅಮ್ಮ ತಾನೂ ಬರುತ್ತೇನೆ ಎಂದಳು. ಸಂತೆಗೆ ಹೆಂಗಸರು ಬರುವುದಿಲ್ಲ ಎಂದು ಬೂಶ್ತಾ ಮುಖ ಸಣ್ಣ ಮಾಡಿದ. "ಕೂರೋದು ನಾನು, ನೋಡೋದು ನೀವಾ?" ಅಂದಳು. ಜೆಲ್ಲಾಬಾ ನಿಲುವಂಗಿ ಹಾಕಿಕೊಂಡು ಸಾಲು ಸಾಲಾಗಿ ಗಾಡಿಗಳಲ್ಲಿ ಕೂತು ಎದ್ದಳು. ಗಂಡಸರೆಲ್ಲ ಮರ್ಯಾದೆಗೆ ಆ ಕಡೆ ತಿರುಗಿ ಸಿಗರೇಟು ಸೇದಿದರು.

ಮೂಲೆಯಲ್ಲಿ ಒಂದು ಬೂದುಬಣ್ಣದ ಫ್ರೆಂಚ್ ಗಾಡಿ ಇತ್ತು. ನಿನಗೆ ಗೊತ್ತಲ್ಲ, ನಿಲ್ಲಿಸಿದಾಗ ಒಂಟೆಯ ಹಾಗೆ ಮಂಡಿಯೂರಿ ನೆಲಕ್ಕೆ ಇಳಿಯುತ್ತದೆ, ಎಂಜಿನ್ ಶುರು ಮಾಡಿದರೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ ಎದ್ದು ನಿಲ್ಲುತ್ತದೆ. ಒಂದು ದಿನ ಬಿದ್ದದ್ದು ಏಳದೇ ಹೋದರೆ ಅಂತ ಯಾರೂ ಅದರ ಹತ್ತಿರ ಹೋಗುವುದಿಲ್ಲ. ಮಾಲೀಕ ಸಿ ಲಾರ್ಬಿ ಎಂಬ ಮುದುಕ. ನೆಲಕ್ಕೆ ಇಳಿದಿದ್ದರಿಂದ ಅಮ್ಮ ಕಾಲೆತ್ತದೆ ಒಳಗೆ ಹೋದಳು. ಮುದುಕ ಕೀಲಿ ತಿರುಗಿಸಿದ. ಗಾಡಿ ಅವಳನ್ನು ಎತ್ತಿಕೊಂಡು ಎದ್ದಿತು. ಕಿಟಕಿಯಲ್ಲಿ ಅವಳ ಮುಖ ಮೇಲಕ್ಕೆ ಬರುವುದನ್ನು ನೋಡಿದೆ, ಜೋಕಾಲಿಯಲ್ಲಿ ಕೂತ ಹುಡುಗಿಯ ಮುಖ. ಟೋಲ್‌ಗೇಟಿನವರೆಗೆ ಹೋಗಿ ಬಂದೆವು. ಲಾರಿಗಳ ಗಾಳಿ ಹೊಡೆದರೂ ಅಲುಗಲಿಲ್ಲ. ವಾಪಸು ಬರುವಾಗ ಅವಳಿಗೆ ನಿದ್ದೆ ಬಂದಿತ್ತು.

ಸಂತೆಯ ರೀತಿ ನಿನಗೆ ತಿಳಿದದ್ದೇ. ಮಾರುವವನು ತನ್ನ ಬೆಲೆ ಹೇಳುವುದಿಲ್ಲ, ಬೇರೆಯವರು ಎಷ್ಟು ಕೊಡಲು ಬಂದಿದ್ದರು ಅಂತಷ್ಟೇ ಹೇಳುತ್ತಾನೆ.

"ಎಷ್ಟು ಕೊಟ್ರು ಸಿ ಲಾರ್ಬಿ?" ಅಂತ ಬೂಶ್ತಾ ಕೇಳಿದ.

"ಕೊಟ್ರಪ್ಪಾ. ಬೆಳಿಗ್ಗೆ ಒಬ್ಬ ಬಂದು ಒಳ್ಳೇದೇ ಕೊಟ್ಟ. ನಾನೇ ಬಿಡ್ಲಿಲ್ಲ."

"ಬೆಳಿಗ್ಗೆಯಿಂದ ನಾನು ಇಲ್ಲೇ ಇದೀನಿ," ಅಂದೆ. "ನಿಮ್ಮ ಗಾಡಿ ಹತ್ರ ಒಂದು ನೊಣಾನೂ ಬರ್ಲಿಲ್ಲ."

ಬೂಶ್ತಾ ನನ್ನ ಕಾಲು ತುಳಿದ. ಮುದುಕ ನನ್ನನ್ನೇ ನೋಡಿ, "ಇವನನ್ನ ಎಲ್ಲಿಂದ ತಂದ್ರಿ? ಇನ್ನೆರಡು ಭಾನುವಾರ ಬಿಟ್ರೆ ಸಂತೇನೇ ಮುಚ್ಚಿಸ್ತಾನೆ" ಅಂದ.

"ಗಾಡಿ ಚೆನ್ನಾಗಿದೆ," ಅಂದೆ. "ಈ ಸಂತೇಲಿ ಇದೊಂದೇ ನಮಗೆ ಆಗೋದು. ಬೇರೆ ನೋಡಲ್ಲ."

"ಅದನ್ನೂ ಹೇಳ್ಬಿಟ್ಯಾ," ಅಂತ ಬೂಶ್ತಾ ತಲೆ ಮೇಲೆ ಕೈ ಹೊತ್ತು ನೆಲಕ್ಕೇ ಕೂತ.

ಕೂತಲ್ಲಿಂದಲೇ ಒಂದು ಕಮ್ಮಿ ಬೆಲೆ ಹೇಳಿದ. ಮುದುಕ ಗಾಡಿಯೊಳಗೆ ಬಗ್ಗಿ ನೋಡಿದ. ಅಮ್ಮನ ಕೈ ಮಡಿಲಲ್ಲಿತ್ತು, ಅಂಗಿಯ ತೋಳು ಮೇಲೆ ಸರಿದು ಸೂಜಿಯ ಗಾಯಗಳು ಕಾಣುತ್ತಿದ್ದವು. ತನ್ನ ಹೆಂಡತಿ ಹೋದಮೇಲೆ ಹಿಂದಿನ ಸೀಟಿನಲ್ಲಿ ಯಾರೂ ಕೂತಿಲ್ಲ ಎಂದು ಮಾತ್ರ ಹೇಳಿ, "ದೇವರು ನಿಮಗೆ ಲಾಭ ಕೊಡಲಿ" ಅಂದ. ಹಾಗಂದಮೇಲೆ ಆ ಬೆಲೆಗೇ ಮಾತು ಮುಗಿಯಿತಲ್ಲ. ಬೂಶ್ತಾ ನಂಬದೆ ಎರಡು ಸಲ ಕೇಳಿ ಕೈ ಕುಲುಕಿದ.

ವರ್ಗದ ವಿಷಯ ನೀನು ಬರೆಯಲಿಲ್ಲ. ಪತ್ರ ಮಡಚುವಾಗ ಹಾಳೆ ಬಿಟ್ಟುಹೋಯಿತೇನೋ ಅಂತ ಅಮ್ಮ ಲಕೋಟೆ ಇನ್ನೊಮ್ಮೆ ನೋಡಿದಳು.

ರಹ್ಹಾಲ್

◆

ಕೆನಿತ್ರಾ
28 ಡಿಸೆಂಬರ್ 1999

ಅಕ್ಕಾ,

ರಂಜಾನ್ ಚೆನ್ನಾಗಿ ನಡೆದಿದೆ. ಗಾಡಿಯೂ ಚೆನ್ನಾಗಿದೆ. ಚೆನ್ನಾಗಿಲ್ಲದ್ದನ್ನು ಹೇಳುತ್ತೇನೆ.

ಮೊದಲ ಎರಡು ವಾರ ಅಮ್ಮ ಹಿಂದಿನ ಸೀಟಿನಲ್ಲಿ ಕುರಿಚರ್ಮ ಹಾಸಿಕೊಂಡು ಒಬ್ಬಳೇ ರಾಣಿಯ ಹಾಗೆ ಹೋದಳು. ಮೂರನೇ ವಾರ ಟ್ಯಾಕ್ಸಿ ನಿಲ್ದಾಣದ ಮುಂದೆ, "ನಿಲ್ಸು ಬೂಶ್ತಾ" ಅಂದಳು. ಹಾಜ್ಜಾ ಇತ್ತೋ ಎಂಬ ಮುದುಕಿ ನಿಂತಿದ್ದಳು. ಅಮ್ಮನ ಪಕ್ಕದ ಯಂತ್ರದವಳು, ಇವಳಿಗಿಂತ ಹತ್ತು ವರ್ಷ ದೊಡ್ಡವಳು. ಹತ್ತಿಸಿಕೊಂಡೆವು. ಅದರ ಮುಂದಿನ ಸಲ ಇನ್ನೊಬ್ಬ ರೋಗಿ, ಪೋಸ್ಟ್‌ಮ್ಯಾನ್ ಸೆಲ್ಲಾಮ್. ಆಮೇಲೆ ಅವನ ಜೊತೆ ಹೊಸದಾಗಿ ಯಂತ್ರಕ್ಕೆ ಬಂದ ಒಬ್ಬ ಹುಡುಗಿ, ಅವಳ ಜೊತೆಗೆ ಅವಳ ಅತ್ತೆ. ಈಗ ಹಿಂದೆ ನಾಲ್ವರು, ಮುಂದೆ ಬೂಶ್ತಾನ ಪಕ್ಕದಲ್ಲಿ ಒಂದೇ ಸೀಟಿನಲ್ಲಿ ನಾನೂ ಸೆಲ್ಲಾಮನೂ. ಯಾವುದರಿಂದ ಅಮ್ಮನನ್ನು ಬಿಡಿಸಲು ಗಾಡಿ ಕೊಂಡೆವೋ ಅದೇ ಟ್ಯಾಕ್ಸಿಯಾಗಿದೆ.

ಅವಳಿಗೆ ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ.

"ಮೆತ್ತಗಿರೋ ಸೀಟಲ್ಲಿ ಒಬ್ಬಳೇ ಕೂತ್ರೆ ಮೈಯೆಲ್ಲಾ ಮುಳ್ಳು ಚುಚ್ಚುತ್ತೆ ಮಗಾ," ಅಂದಳು. "ಅವರು ಅಲ್ಲಿ ನಿಂತಿರ್ತಾರೆ, ನಾನು ಕಿಟಕಿಯಿಂದ ಸಲಾಂ ಅಂತ ಹೋಗ್ಬಿಡ್ಲಾ?"

"ನಿನ್ನ ಕೈ?"

"ಕೈ ನನ್ನದು ತಾನೆ."

ಯಂತ್ರಕ್ಕೆ ಹೋಗುವವರು ಯಾರೂ ಉಪವಾಸ ಮಾಡುವಂತಿಲ್ಲ, ಊರವರ ಮುಂದೆ ತಿನ್ನುವಂತೆಯೂ ಇಲ್ಲ. ಹೆದ್ದಾರಿ ಹತ್ತುತ್ತಿದ್ದಂತೆ ಸೆಲ್ಲಾಮ್, "ಕಿಟಕಿ ಏರ್ಸ್ರಪ್ಪಾ, ಅಂಗಡಿ ತೆಗೀತೀವಿ" ಅನ್ನುತ್ತಾನೆ. ಬೇಯಿಸಿದ ಮೊಟ್ಟೆ, ರೊಟ್ಟಿ ಹೊರಬರುತ್ತದೆ. ಉಪವಾಸವಿರುವ ಬೂಶ್ತಾ, "ವಾಸನೆ ತಗೊಂಡ ಪಾಪ ನಿಮ್ಮ ತಲೆಗೇ" ಅಂತ ಬೈಯುತ್ತಾ ಓಡಿಸುತ್ತಾನೆ. ಅಮ್ಮ ನಗುತ್ತಾಳೆ. ಅಪ್ಪ ಹೋದಮೇಲೆ ಅವಳು ಇಷ್ಟು ನಕ್ಕದ್ದನ್ನು ನಾನು ಕಂಡಿಲ್ಲ. ಮೂಲೆಯಲ್ಲಿ ಒತ್ತಿಕೊಂಡು, ಎಡಗೈಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಗುತ್ತಾಳೆ. ದಾರಿಯುದ್ದಕ್ಕೂ ಆ ಕೈ ಹಾಗೇ ಮೇಲೆ ಇರುತ್ತದೆ.

ಇಳಿಯುವಾಗ ಅವರು ಯಾರೂ ಹೇಳದೆಯೇ ಗಾಡಿಯ ಸಿಗರೇಟು ಬೂದಿಯ ತಟ್ಟೆಯಲ್ಲಿ ಪೆಟ್ರೋಲಿಗೆಂದು ನಾಣ್ಯ ಹಾಕುತ್ತಾರೆ.

ನೀನು ಇಲ್ಲಿದ್ದರೆ ಅವಳು ನಿನ್ನ ಮಾತು ಕೇಳುತ್ತಿದ್ದಳು. ವರ್ಗಕ್ಕೆ ಹಾಕಿದೆಯಾ ಅಕ್ಕಾ?

ರಹ್ಹಾಲ್

◆

ಐತ್ ಉಫೆಲ್ಲಾ
20 ಜನವರಿ 2000

ರಹ್ಹಾಲ್,

ಹಿಮ ಬಿದ್ದು ಲಾರಿ ಬರಲಿಲ್ಲ, ನಿನ್ನ ಪತ್ರ ತಡವಾಯಿತು. ಸೌದೆ ಒಲೆಯ ಸುತ್ತ ಎಲ್ಲ ತರಗತಿಗಳನ್ನೂ ಒಟ್ಟಿಗೆ ಕೂರಿಸಿದ್ದೇನೆ. ಇತ್ತೋ ಎಂಬ ಹೆಸರಿನ ಒಬ್ಬ ಹುಡುಗಿ ಇಲ್ಲೂ ಇದ್ದಾಳೆ. ಕಳೆದ ವಾರ ಅವಳು ಅವಳಪ್ಪನಿಗೆ ಬಂದ ಪತ್ರವನ್ನು ಅವನಿಗೆ ಓದಿ ಹೇಳಿದಳು. ಮರುದಿನ ಆ ಮನುಷ್ಯ ಮಂಡಿವರೆಗಿನ ಹಿಮದಲ್ಲಿ ಒಂದು ಬುಟ್ಟಿ ವಾಲ್‌ನಟ್ ಹೊತ್ತು ತಂದು ಬಾಗಿಲಲ್ಲಿಟ್ಟು ಹೋದ.

ಅಮ್ಮನಿಗೆ ಬೇಡ ಎನ್ನು. ಲೋಕಕ್ಕೆಲ್ಲ ಮುಖದ ಮೇಲೆ ಹೇಳುವವನು ನೀನು, ಅವಳೊಬ್ಬಳಿಗೆ ಹೇಳಲು ಆಗುವುದಿಲ್ಲವೇ? ನಾನು ದೂರದಲ್ಲಿ ಕೂತು ಇದನ್ನು ಬರೆಯುವುದು ಸುಲಭ ಎಂದು ಗೊತ್ತು.

ಇನ್ನೊಂದು. ಬಾಡಿಗೆಗೆ ಜನ ಸಾಗಿಸುತ್ತೀರಿ ಎಂದು ಟೋಲ್‌ಗೇಟಿನಲ್ಲಿ ಪೊಲೀಸರು ಹಿಡಿದರೆ ಗಾಡಿ ಹೋಯಿತು. ಕೇಳಿದರೆ ನಮ್ಮ ಬಂಧುಗಳು ಎನ್ನು. ಒಂದೇ ಯಂತ್ರಕ್ಕೆ ರಕ್ತ ಕೊಡುವವರು ಬಂಧುಗಳಲ್ಲದೆ ಇನ್ನೇನು. ಅದು ಸುಳ್ಳಾಗುವುದಿಲ್ಲ.

ಗಿಝ್ಲಾನ್

◆

ಕೆನಿತ್ರಾ
17 ಫೆಬ್ರವರಿ 2000

ಅಕ್ಕಾ,

ಗಾಡಿ ಹೋಯಿತು. ನನ್ನಿಂದಲೇ.

ಕಳೆದ ಗುರುವಾರ ಟೋಲ್‌ಗೇಟ್ ದಾಟಿದ ಕೂಡಲೇ ಕೈ ಅಡ್ಡ ಹಿಡಿದರು. ಬೂಶ್ತಾ ಗಾಜು ಇಳಿಸಿ ಸೈನ್ಯದ ಸಲಾಂ ಹೊಡೆದ. ಪೊಲೀಸಿನವನಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಒಳಗೆ ನೋಡಿ, "ಮದುವೆಗಾ?" ಅಂದ.

"ಆಸ್ಪತ್ರೆಗೆ ಮಗಾ, ಎಲ್ಲಾ ನಮ್ಮವರೇ," ಅಂದಳು ಹಾಜ್ಜಾ ಇತ್ತೋ. "ನಾನು ಇವನ ದೊಡ್ಡಮ್ಮ."

"ನಾನು ಮಾವ," ಅಂದ ಸೆಲ್ಲಾಮ್.

ಪೊಲೀಸಿನವನು ನಕ್ಕ. ಬಿಟ್ಟೇಬಿಡುತ್ತಿದ್ದ. ಬೂದಿಯ ತಟ್ಟೆಯ ಮೇಲೆ ಅವನ ಕಣ್ಣು ಬಿತ್ತು. ನನ್ನ ಕಡೆ ತಿರುಗಿ, "ನೀನು ಹೇಳಪ್ಪಾ. ಇವರು ದುಡ್ಡು ಕೊಡ್ತಾರಾ?" ಅಂದ.

ನಿನ್ನ ಪತ್ರ ನನ್ನ ಜೇಬಿನಲ್ಲೇ ಇತ್ತು. ಬಂಧುಗಳಾ ಅಂತ ಕೇಳಿದ್ದರೆ ಹೌದು ಅನ್ನುತ್ತಿದ್ದೆ, ಆಣೆಯಿಟ್ಟು ಹೇಳುತ್ತಿದ್ದೆ. ಅವನು ಅದನ್ನು ಕೇಳಲಿಲ್ಲ. ದುಡ್ಡು ಕೊಡ್ತಾರಾ ಅಂತ ಕೇಳಿದ.

"ಕೊಡ್ತಾರೆ," ಅಂದೆ. "ಪೆಟ್ರೋಲಿಗೆ."

ಅವನ ಹಿಂದೆ ಮೀಸೆಯ ಮೇಲಧಿಕಾರಿ ನಿಂತು ಕೇಳಿಸಿಕೊಂಡಿದ್ದ. ಹುಡುಗ ಪೊಲೀಸಿನವನು ತಲೆ ಬಗ್ಗಿಸಿ, ತುಟಿ ಮಾತ್ರ ಅಲುಗುವ ಹಾಗೆ, "ಯಾಕೆ ಹೇಳ್ದೆ ಮಾರಾಯಾ?" ಅಂದ. ಆಮೇಲೆ ಬರೆಯಲು ಶುರು ಮಾಡಿದ. ಅವನಿಗೂ ಬೇರೆ ದಾರಿ ಇರಲಿಲ್ಲ.

ಎಲ್ಲರನ್ನೂ ಇಳಿಸಿದರು. ಗಾಡಿ ಎಳೆದುಕೊಂಡು ಹೋಗುವ ಲಾರಿ ಬರುವ ಮೊದಲೇ ಎಂಜಿನ್ ಆರಿಸಿದ್ದರಿಂದ ಅದು ಎಂದಿನಂತೆ ನಿಧಾನವಾಗಿ ಮಂಡಿಯೂರಿತು. ರಸ್ತೆಬದಿಯಲ್ಲಿ ನಾವು ಸಾಲಾಗಿ ಅದನ್ನೇ ನೋಡುತ್ತಾ ನಿಂತೆವು. ರಬಾತಿಗೆ ಹೋಗುತ್ತಿದ್ದ ಒಂದು ಕುರಿ ಲಾರಿ ನಮ್ಮನ್ನು ಹತ್ತಿಸಿಕೊಂಡಿತು. ಆ ಹುಡುಗಿಯ ಅತ್ತೆ ನನ್ನ ಮುಖ ನೋಡಲಿಲ್ಲ. ಬೂಶ್ತಾ, "ಒಂದು ಸಲ. ಒಂದೇ ಒಂದು ಸಲ ಬಾಯಿಗೆ ಬೀಗ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದ. ಅಮ್ಮ ಮಾತ್ರ, "ಬಿಡು ಬೂಶ್ತಾ, ಹತ್ತಿಸಿದ್ದು ನಾನು" ಅಂದಳು. ಕುರಿಗಳ ನಡುವೆ ಎಡಗೈ ಮೇಲಕ್ಕೆತ್ತಿ ಹಿಡಿದೇ ನಿಂತಿದ್ದಳು.

ದಂಡ ಕಟ್ಟುವವರೆಗೂ ಗಾಡಿ ಅವರ ಅಂಗಳದಲ್ಲಿ. ಈಗ ಮತ್ತೆ ಟ್ಯಾಕ್ಸಿ. ನಾನು ಅವಳ ಎಡಕ್ಕೆ ಕೂರುತ್ತೇನೆ. ತಿರುವು ಬಂದಾಗ ಮುಂದಿನ ಸೀಟಿಗೆ ಕಾಲು ಕೊಟ್ಟು ಬಲವಾಗಿ ಒತ್ತಿ ಹಿಡಿಯುತ್ತೇನೆ.

ನೀನು ಬೈಯುವುದಾದರೆ ಬೈ. ಬರೆ, ಅಷ್ಟೇ.

ರಹ್ಹಾಲ್

◆

ಕೆನಿತ್ರಾ
8 ಏಪ್ರಿಲ್ 2000

ಅಕ್ಕಾ,

ನಿನ್ನ ಮನಿಯಾರ್ಡರ್ ಬಂತು. ಜೊತೆಗೆ ಪತ್ರ ಇರಲಿಲ್ಲ. ದಂಡ ಕಟ್ಟಿ ಗಾಡಿ ಬಿಡಿಸಿದೆವು, ಆದರೆ ಅಷ್ಟರಲ್ಲಿ ಅದರ ಕೆಲಸ ಮುಗಿದಿತ್ತು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಅಮ್ಮನ ಕೈಗೆ ಕಿವಿಯಿಟ್ಟೆ. "ಎಂಜಿನ್ ಹೇಗಿದೆ ಮೇಸ್ತ್ರಿ?" ಅಂದಳು. ಕಿವಿ ತೆಗೆದು ಇನ್ನೊಂದು ಕಿವಿಯಿಟ್ಟೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವಳಿಗೆ ಗೊತ್ತು, ಅದಕ್ಕೇ ಎರಡನೇ ಸಲ ಕೇಳಲಿಲ್ಲ. ಜೆಲ್ಲಾಬಾ ತೊಟ್ಟು ಚಪ್ಪಲಿ ಹುಡುಕಿದಳು.

ಹಿಂದಿನ ದಿನ ಟ್ಯಾಕ್ಸಿಯಲ್ಲಿ ಒತ್ತಿದ್ದಕ್ಕೇ ಕೈಯ ದಾರಿ ಮುಚ್ಚಿತು ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಈಗ ಕುತ್ತಿಗೆಗೆ ಕೊಳವೆ ಹಾಕಿದ್ದಾರೆ. ಜ್ವರ ಬಂದರೆ ತಕ್ಷಣ ಬರಬೇಕು, ಹತ್ತಿರದಲ್ಲೇ ಇರುವುದು ಒಳ್ಳೆಯದು ಅಂದರು. ಹಾಜ್ಜಾ ಇತ್ತೋಳ ತಂಗಿಯ ಮಗ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಮಾಳಿಗೆಯ ಮೇಲಿನ ಒಂದು ಕೋಣೆ ಕೊಡಿಸಿದ್ದಾನೆ. ಹಾಜ್ಜಾನೂ ನಮ್ಮ ಜೊತೆಗೇ ಬರುತ್ತಾಳೆ. ಅಲ್ಲಿನ ಒಂದು ಬೇಕರಿಯಲ್ಲಿ ನನಗೆ ಕೆಲಸ. ಒಂದು ಕಡೆ ನಿಲ್ಲುವವನಲ್ಲ ಅಂತ ನೀನೇ ಅನ್ನುತ್ತಿದ್ದೆ. ನಿಲ್ಲುತ್ತೇನೆ.

ಕೋಣೆಯ ಮುಂಗಡಕ್ಕೆ ಗಾಡಿಯನ್ನು ಸಂತೆಗೆ ತಂದೆ. ಬೂಶ್ತಾ ಓಡಿಸಿಕೊಂಡು ಬಂದ, ಆದರೆ ಮಾರುವ ಹೊತ್ತಿಗೆ ನಿಲ್ಲಲಾರೆ ಎಂದು ಚಹಾ ಕುಡಿಯಲು ಹೋದ. ಸಿ ಲಾರ್ಬಿ ನಿಂತಿದ್ದ ಮೂಲೆಯಲ್ಲೇ ನಿಂತೆ. ಒಬ್ಬ ಬಂದು ಸುತ್ತು ಹಾಕಿದ. ಹಿಂದಿನ ಸೀಟಿನ ಅಗಲ ಗೇಣು ಹಾಕಿ ಅಳೆದ. ಎಷ್ಟು ಜನ ಹಿಡಿಸುತ್ತಾರೆ ಎಂದು ನೋಡುತ್ತಿದ್ದಾನೆ ಅಂತ ತಿಳಿಯಿತು.

"ಎಷ್ಟು ಕೊಟ್ರು?" ಅಂದ.

"ಯಾರೂ ಕೊಟ್ಟಿಲ್ಲ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. "ಬೆಳಿಗ್ಗೆಯಿಂದ ಎಷ್ಟು ಕೊಟ್ರು ಅಂತ ಕೇಳಿದ್ದು."

"ಬೆಳಿಗ್ಗೆಯಿಂದ ಯಾರೂ ಬಂದಿಲ್ಲ. ನೀವೇ ಮೊದಲು."

ಸುತ್ತ ಇದ್ದವರು ನಕ್ಕರು. ಅವನು ನಗಲಿಲ್ಲ, ನನ್ನಲ್ಲೇನೋ ಮೋಸ ಇದೆ ಎಂದು ಅನುಮಾನದಿಂದ ಗಾಡಿಯ ಕೆಳಗೆ ಬಗ್ಗಿ ಬಹಳ ಹೊತ್ತು ನೋಡಿದ. ಏನೂ ಸಿಗಲಿಲ್ಲ. ಕೊನೆಗೆ ಕೊಳ್ಳುವವನ ಬಾಯಿಗೆ ಬಂದಷ್ಟಕ್ಕೆ ನಾನೇ, "ದೇವರು ಲಾಭ ಕೊಡಲಿ" ಅಂದೆ. ಕೀಲಿ ತಿರುಗಿಸಿದ. ಮೊದಲು ಹಿಂಭಾಗ ಎದ್ದಿತು, ಆಮೇಲೆ ಮುಂಭಾಗ. ಹೋಯಿತು. ನನ್ನ ಬಲಗಡೆಯಿಂದ ಹೋದದ್ದರಿಂದ ಕತ್ತು ತಿರುಗಿಸುವಷ್ಟರಲ್ಲಿ ಜನರ ಮಧ್ಯೆ ಕಾಣಲಿಲ್ಲ.

ಕುರಿಚರ್ಮ ಉಳಿಸಿಕೊಂಡಿದ್ದೇನೆ.

ಕಣ್ಣಿನ ವಿಷಯ ಅಮ್ಮನಿಗೆ ಹೇಳಿದೆ. "ನಿನಗೆ ಐದು ವರ್ಷ ಇದ್ದಾಗಲೇ ನನಗೆ ಗೊತ್ತಿತ್ತು," ಅಂದಳು. "ನೀನು ಹೇಳ್ತೀಯ ಅಂತ ಕಾಯ್ತಿದ್ದೆ." ಅಷ್ಟು ಹೇಳಿ ಪಾತ್ರೆ ಗಂಟು ಕಟ್ಟಲು ಹೋದಳು.

ವರ್ಗದ ಬಗ್ಗೆ ಇನ್ನು ಕೇಳುವುದಿಲ್ಲ. ಆ ಹುಡುಗಿ ಇತ್ತೋ ಈಗ ಯಾವ ಪುಸ್ತಕ ಓದುತ್ತಿದ್ದಾಳೆ ಎಂದು ಬರೆ. ಅಮ್ಮ ಕೇಳುತ್ತಾಳೆ. ಹೊಸ ವಿಳಾಸ ಹಿಂಬದಿಯಲ್ಲಿದೆ.

ನಾಳೆಯ ಟ್ಯಾಕ್ಸಿಯಲ್ಲಿ ಮುಂದಿನ ಎರಡು ಸೀಟನ್ನೂ ಅಮ್ಮನ ಹೆಸರಿಗೇ ಹಿಡಿದಿದ್ದೇನೆ, ಕೊಳವೆಗೆ ಯಾರ ಭುಜವೂ ತಾಗದಿರಲಿ ಎಂದು. ಹಾಜ್ಜಾ ಇತ್ತೋ ಹಿಂದೆ ಇರುಕಿಕೊಂಡು ಕೂರಬಾರದು, ಮುಂದೆ ತನ್ನ ಪಕ್ಕಕ್ಕೇ ಬರಲಿ ಎಂದು ಅಮ್ಮ ಆಗಲೇ ಹೇಳಿದ್ದಾಳೆ. ನಾನು ಬೇಡ ಎನ್ನಲಿಲ್ಲ.

ನಾಳೆ ಬೆಳಿಗ್ಗೆ ಹೊರಡುತ್ತೇವೆ.

ರಹ್ಹಾಲ್